ಮೊಬೈಲಿನ ಆಯುಸ್ಸು

ಕಳೆದ ತಿಂಗಳು ಬಸವೇಶ್ವರನಗರದಲ್ಲಿರುವ ನಮ್ಮ ಹಳೆಯ ಮಿತ್ರರೊಬ್ಬರ ಮನೆಗೆ ಹೋಗಿದ್ದಾಗ ಅಲ್ಲಿ ತಂದೆಮಕ್ಕಳೊಳಗೆ ಒಂದು ಸಣ್ಣ ವ್ಯಾಜ್ಯವು ನಡೆಯುತ್ತಲಿದ್ದಿತು. ಮಿತ್ರರು ನಿವೃತ್ತರಾದ ಉಪಾಧ್ಯಾಯರು. ಬೀದಿಯವರಿಗೆಲ್ಲ ಅವರು ಇಂದಿಗೂ ಮೇಷ್ಟ್ರೇ. ಅವರ ಕೈಯಲ್ಲಿರುವ ಮೊಬೈಲನ್ನು ಕೊಂಡು ಎಂಟು ವರ್ಷಗಳಾದುವು; ಮಗನದನ್ನು ಕೊಂಡು ಎರಡು ವರ್ಷಗಳಾದುವು. ಮಗನು ತನ್ನದನ್ನು ಬದಲಿಸಬೇಕೆನ್ನುವನು. ತಂದೆಯವರು ತಮ್ಮದನ್ನು ಬದಲಿಸಲೊಲ್ಲೆನೆನ್ನುವರು. “ಎರಡು ವರ್ಷಕ್ಕೇ ಬಿಸಾಡುವುದು ದುಂದಲ್ಲವೇ?” ಎಂದು ಮೇಷ್ಟ್ರು, “ಎಂಟು ವರ್ಷದ ಡಬ್ಬಿಯನ್ನು ಹಿಡಿದುಕೊಂಡು ಕೂತಿರುವುದು ಹಟವಲ್ಲವೇ ಅಪ್ಪ?” ಎಂದು ಮಗ. ಕಾಫಿಯ ಲೋಟವನ್ನು ನಮ್ಮ ಮುಂದಿಟ್ಟ ಸೊಸೆಯು, “ನೀವೇ ಒಂದು ತೀರ್ಮಾನ ಹೇಳಿಬಿಡಿ. ಜೂನಿನಲ್ಲಿ ಮಗಳ ಕಾಲೇಜಿನ ಫೀಜು ಕಟ್ಟಬೇಕು. ಎರಡೂ ಆಗುವ ಹಾಗಿಲ್ಲ” ಎಂದರು.

ಎರಡು ಮೊಬೈಲುಗಳನ್ನೂ ತಿರುಗಿಸಿ ನೋಡಿ, ಕೆಲವು ಪ್ರಶ್ನೆಗಳನ್ನು ಕೇಳಿ, ನಾವು ಕೊಟ್ಟ ತೀರ್ಪು ಇಬ್ಬರಿಗೂ ರುಚಿಸಲಿಲ್ಲ. ಮಗನು ತನ್ನದನ್ನು ಇಟ್ಟುಕೊಳ್ಳತಕ್ಕದ್ದು. ತಂದೆಯವರು ತಮ್ಮದನ್ನು ಬದಲಿಸತಕ್ಕದ್ದು. ಇಂತಹ ವ್ಯಾಜ್ಯವು ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ಆ ತೀರ್ಪಿಗೆ ಕಾರಣಗಳನ್ನು ನಮ್ಮ ವಾಚಕರ ಮುಂದಿಡುವುದು ಉಪಯುಕ್ತವಾಗಬಹುದೆಂದು ಭಾವಿಸಿದ್ದೇವೆ.

ನಮ್ಮ ಹಿರಿಯರ ಕಾಲದಲ್ಲಿ ಪದಾರ್ಥದ ಆಯುಸ್ಸು ಪದಾರ್ಥದಲ್ಲಿಯೇ ಇದ್ದಿತು. ಹಿತ್ತಾಳೆಯ ತಪ್ಪಲೆಗೆ ಕಲಾಯಿ ಹಾಕಿಸಿದರೆ ಅದು ಮೊಮ್ಮಕ್ಕಳಿಗೂ ಬರುತ್ತಿದ್ದಿತು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದೊಡನೆ ಬೆಂಗಳೂರಿನಲ್ಲಿ ಎಚ್ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾಯಿತಷ್ಟೆ. ಅಂದಿನ ಗಡಿಯಾರಕ್ಕೆ ಈಗಲೂ ಕೀಲಿ ಕೊಟ್ಟು ಕಟ್ಟಿಕೊಳ್ಳುವವರುಂಟು. ಮೊಬೈಲಿನ ಸಂಗತಿ ಹಾಗಲ್ಲ. ಅದಕ್ಕೆ ಎರಡು ಬಗೆಯ ಆಯುಸ್ಸು. ಒಂದು ದೇಹದ್ದು: ಗಾಜು, ಬ್ಯಾಟರಿ, ಚಾರ್ಜು ಚುಚ್ಚುವ ರಂಧ್ರ ಮುಂತಾದುವು. ಇವು ಕೆಟ್ಟರೆ ರಿಪೇರಿಯುಂಟು. ಇನ್ನೊಂದು ತಯಾರಕನು ದೂರದಿಂದ ಕಳುಹಿಸುತ್ತಿರುವ ಅಪ್‌ಡೇಟುಗಳದು. ಕಳ್ಳರು ಒಳಹೊಗದಂತೆ ಆಗಾಗ ಬಾಗಿಲ ಚಿಲಕವನ್ನು ಸರಿಪಡಿಸುವ ಕೆಲಸವದು. ತಯಾರಕನು ಅದನ್ನು ನಿಲ್ಲಿಸಿದನೆಂದರೆ ಊರಿನ ಯಾವ ರಿಪೇರಿ ಅಂಗಡಿಯವನೂ ಅದನ್ನು ಮರಳಿ ತಂದುಕೊಡಲಾರನು.

ಈ ಎರಡನೆಯ ಆಯುಸ್ಸನ್ನು ತಿಳಿಯಲು ನಮ್ಮ ಪಶ್ಚಿಮ ಭಾಗದ್ದೇ ಆದ ಒಂದು ನಿದರ್ಶನವಿದೆ. ರಾಜಾಜಿನಗರದಿಂದ ಬಹುದೂರವಲ್ಲದ ಪೀಣ್ಯದಲ್ಲಿ 2017ರಲ್ಲಿ ವಿಸ್ಟ್ರಾನ್ ಎಂಬ ಸಂಸ್ಥೆಯವರು ಆಪಲ್ ಕಂಪನಿಗಾಗಿ ಐಫೋನ್ ಎಸ್ಇ ಎಂಬ ಮಾದರಿಯನ್ನು ಜೋಡಿಸಲಾರಂಭಿಸಿದರು. ಆ ಮಾದರಿಯು ಲೋಕಕ್ಕೆ ಬಂದದ್ದು 2016ರಲ್ಲಿ. 2021ರಲ್ಲಿ ಬಂದ ಐಓಎಸ್ 15 ಎಂಬ ವ್ಯವಸ್ಥೆಯು ಅದಕ್ಕೆ ದೊರೆಯಿತು. 2022ರಲ್ಲಿ ಬಂದ 16 ದೊರೆಯಲಿಲ್ಲ. ಆ ಬಳಿಕವೂ ಭದ್ರತೆಯ ಕೆಲವು ತಿದ್ದುಪಡಿಗಳು ಬಂದುವಾದರೂ, ಮುಖ್ಯವಾದ ಬಾಳು ಅಲ್ಲಿಗೆ ಮುಗಿಯಿತೆನ್ನಬಹುದು. ಈಗ ಲೆಕ್ಕವನ್ನು ನೋಡಿರಿ. 2016ರಲ್ಲಿ ಕೊಂಡವರಿಗೆ ಆರು ವರ್ಷ ದೊರೆಯಿತು. 2017ರಲ್ಲಿ ಪೀಣ್ಯದಲ್ಲಿ ಜೋಡಿಸಿದ್ದನ್ನು ಕೊಂಡವರಿಗೆ ಐದು. 2018ರಲ್ಲಿ ಕೊಂಡವರಿಗೆ ನಾಲ್ಕೇ. ವಸ್ತು ಒಂದೇ, ಡಬ್ಬಿ ಒಂದೇ. ಆಯುಸ್ಸು ಮಾತ್ರ ಬೇರೆ ಬೇರೆ. ಮೊಬೈಲಿನ ಜಾತಕವನ್ನು ನಾವು ಕೊಂಡ ದಿನದಿಂದ ಎಣಿಸದೆ, ಆ ಮಾದರಿಯು ಪೇಟೆಗೆ ಬಂದ ದಿನದಿಂದ ಎಣಿಸಬೇಕೆಂಬುದು ಇದರಿಂದ ವಿಶದವಾಗುವುದು. ದೀಪಾವಳಿಯ ರಿಯಾಯಿತಿಯಲ್ಲಿ ಎರಡು ವರ್ಷ ಹಳೆಯ ಮಾದರಿಯನ್ನು ಅಗ್ಗಕ್ಕೆ ತಂದೆವೆಂದು ಹಿಗ್ಗುವವರು, ಅದರ ಎರಡು ವರ್ಷದ ಬಾಳು ಅಂಗಡಿಯ ಕಪಾಟಿನಲ್ಲಿಯೇ ಕಳೆದುಹೋಯಿತೆಂಬುದನ್ನು ಮರೆಯುವರು.

ಹಿಂದೆ ಅನೇಕ ಆಂಡ್ರಾಯ್ಡ್ ಮೊಬೈಲುಗಳಿಗೆ ಎರಡು ಮೂರು ವರ್ಷಗಳಾಚೆ ಅಪ್‌ಡೇಟುಗಳೇ ಬರುತ್ತಿರಲಿಲ್ಲ. ಈ ಸ್ಥಿತಿಯು ಸುಧಾರಿಸುತ್ತಿರುವುದು ಸಂತೋಷದ ವಿಷಯ. 2023ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯವರು ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಸಂಸ್ಥೆಯವರು ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟಿನ ವಾಗ್ದಾನವನ್ನು ಮಾಡಿದರು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಒಂದು ಮಾದರಿಯ ಮಾರಾಟವು ನಿಂತ ಮೇಲೆಯೂ ಐದು ವರ್ಷಗಳವರೆಗೆ ಅಪ್‌ಡೇಟುಗಳನ್ನೂ, ಏಳು ವರ್ಷಗಳವರೆಗೆ ಮುಖ್ಯವಾದ ಬಿಡಿಭಾಗಗಳನ್ನೂ ಒದಗಿಸಬೇಕು. ಆದರೆ ಅಗ್ಗದ ಮಾದರಿಗಳೆಲ್ಲಕ್ಕೂ ಇಷ್ಟು ದೀರ್ಘವಾದ ಭರವಸೆಯಿರುವುದಿಲ್ಲ. ಆದುದರಿಂದ ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು, ಬಣ್ಣ ಯಾವುದು ಎಂದು ವಿಚಾರಿಸುವುದಕ್ಕೆ ಮೊದಲು, “ಇದಕ್ಕೆ ಭದ್ರತೆಯ ಅಪ್‌ಡೇಟು ಯಾವ ಇಸವಿಯವರೆಗೆ ಬರುತ್ತದೆ?” ಎಂದು ವಿಚಾರಿಸತಕ್ಕದ್ದು. ಉತ್ತರವನ್ನು ಬಿಲ್ಲಿನ ಹಿಂದೆ ಬರೆದಿಟ್ಟುಕೊಳ್ಳತಕ್ಕದ್ದು.

ಇನ್ನು ದೇಹದ ವಿಷಯ. ಮೇಷ್ಟ್ರ ಮಗನ ದೂರೇನೆಂದರೆ, ಸಂಜೆ ಕೆಂಗೇರಿಯಿಂದ ಮೆಟ್ರೋದಲ್ಲಿ ಮರಳುವ ಹೊತ್ತಿಗೆ ಚಾರ್ಜು ಮುಗಿದು, ಟಿಕೀಟು ಮೊಬೈಲಿನೊಳಗೇ ಇರುವುದರಿಂದ ಗೇಟಿನ ಬಳಿ ಪೇಚಾಟವಾಗುವುದು ಎಂಬುದು. ಇದು ಮೊಬೈಲಿನ ಮುಪ್ಪಲ್ಲ, ಬ್ಯಾಟರಿಯ ಮುಪ್ಪು. ಲಿಥಿಯಂ ಬ್ಯಾಟರಿಯು ಪ್ರತಿಯೊಂದು ತುಂಬುವಿಕೆಯಲ್ಲಿಯೂ ಎಳ್ಳಷ್ಟು ಸವೆಯುವುದು. ಐಫೋನ್ 14ರವರೆಗಿನ ಮಾದರಿಗಳ ಬ್ಯಾಟರಿಯು 500 ಪೂರ್ಣ ಆವೃತ್ತಿಗಳ ಬಳಿಕ ಮೂಲಶಕ್ತಿಯ ಶೇಕಡಾ 80ರಷ್ಟನ್ನು ಉಳಿಸಿಕೊಳ್ಳುವಂತೆಯೂ, 15ರಿಂದ ಮುಂದಿನವು 1000 ಆವೃತ್ತಿಗಳ ಬಳಿಕ ಅಷ್ಟನ್ನು ಉಳಿಸಿಕೊಳ್ಳುವಂತೆಯೂ ರಚಿತವಾಗಿವೆಯೆಂದು ಆಪಲ್ ಸಂಸ್ಥೆಯವರೇ ತಿಳಿಸಿರುವರು. ದಿನಕ್ಕೊಮ್ಮೆ ಪೂರ್ತಿಯಾಗಿ ತುಂಬಿಸುವವರಿಗೆ 500 ಆವೃತ್ತಿಗಳು ಒಂದೂವರೆ ವರ್ಷಕ್ಕೆ ಆಗಿಹೋಗುವುವು. ಎತ್ತಿಗೆ ಲಾಳ ಸವೆದರೆ ಲಾಳ ಕಟ್ಟಿಸುವರೇ ಹೊರತು ಎತ್ತನ್ನು ಮಾರುವರೇ? ಹೊಸ ಬ್ಯಾಟರಿಯನ್ನು ಹಾಕಿಸಿದರೆ ಮಗನ ಮೊಬೈಲು ಮೊದಲಿನಂತೆಯೇ ದುಡಿಯುವುದು. ಅದರ ಅಪ್‌ಡೇಟುಗಳೂ ಇನ್ನು ಕೆಲವು ವರ್ಷ ಬರಲಿವೆ. ಬ್ಯಾಟರಿಯನ್ನು ಬಿಲ್ಲು ಕೊಡುವ ಕಡೆಯಲ್ಲಿಯೇ ಹಾಕಿಸುವುದು ಲೇಸು. ಅದನ್ನು ಬಿಸಿಲಿಗಿಡುವುದು, ದಿಂಬಿನ ಕೆಳಗಿಟ್ಟು ಚಾರ್ಜು ಮಾಡುವುದು ಆಯುಸ್ಸಿಗೆ ಕೇಡು. ಬೆನ್ನು ಉಬ್ಬಿದ ಬ್ಯಾಟರಿಯನ್ನಂತೂ ಒತ್ತಕೂಡದು, ಚುಚ್ಚಕೂಡದು. ಉಪಯೋಗವನ್ನು ಅಂದೇ ನಿಲ್ಲಿಸಬೇಕು.

ಸೊಸೆಯು ಕೇಳಿದ್ದು ಹಣದ ಮಾತನ್ನು. ಲೆಕ್ಕಕ್ಕಾಗಿ ಒಂದು ಮೊಬೈಲಿನ ಬೆಲೆ 24,000 ರೂಪಾಯಿ, ಒಂದು ಬ್ಯಾಟರಿಯ ಖರ್ಚು 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ವರ್ಷಕ್ಕೆ ಬದಲಿಸಿದರೆ ತಿಂಗಳಿಗೆ 1,000 ರೂಪಾಯಿ ಬೀಳುವುದು. ಒಂದು ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ನಡೆಸಿದರೆ ತಿಂಗಳಿಗೆ ಸುಮಾರು 542. ಎರಡು ಬ್ಯಾಟರಿ ಹಾಕಿಸಿ ಆರು ವರ್ಷ ನಡೆಸಿದರೆ ಸುಮಾರು 389. ಇದರಲ್ಲಿ ಗಮನಿಸತಕ್ಕ ಅಂಶವೊಂದುಂಟು. ಎರಡರಿಂದ ನಾಲ್ಕಕ್ಕೆ ಹೋದರೆ ತಿಂಗಳಿಗೆ 458 ರೂಪಾಯಿ ಉಳಿಯುವುದು. ನಾಲ್ಕರಿಂದ ಆರಕ್ಕೆ ಹೋದರೆ 153 ಮಾತ್ರ. ಮೊದಲ ತಾಳ್ಮೆಗೆ ಫಲ ಹೆಚ್ಚು, ಆಮೇಲಿನ ತಾಳ್ಮೆಗೆ ಕಡಿಮೆ. ಆದಕಾರಣ ನಾಲ್ಕು ವರ್ಷಕ್ಕೆ ಮೊದಲು ಬದಲಿಸಕೂಡದು. ಆ ಬಳಿಕ ಅಪ್‌ಡೇಟು ಬರುತ್ತಿರುವವರೆಗೆ ನಡೆಸಬಹುದು. ಅಪ್‌ಡೇಟು ನಿಂತ ಮೇಲೆ ತಿಂಗಳಿಗೆ ನೂರೈವತ್ತು ರೂಪಾಯಿಯ ಆಸೆಗಾಗಿ ಬ್ಯಾಂಕಿನ ಗಂಟನ್ನು ಅದರೊಳಗಿಡಕೂಡದು. ಇದು ನಮ್ಮ ಅಭಿಪ್ರಾಯ. ಹಳೆಯದರ ಕಂತು ತೀರುವ ಮೊದಲೇ ಹೊಸದಕ್ಕೆ ಕಂತು ಕಟ್ಟುವುದು ಸಾಲ ಮಾಡಿ ತುಪ್ಪ ತಿಂದಂತೆಯೇ ಸರಿ.

ಇಲ್ಲಿಗೆ ಮಗನ ವ್ಯಾಜ್ಯವು ತೀರಿತು. ಮೇಷ್ಟ್ರದು ಅಷ್ಟು ಸುಲಭವಾಗಿರಲಿಲ್ಲ. ಅವರ ಮೊಬೈಲಿಗೆ ಕಡೆಯ ಭದ್ರತಾ ಅಪ್‌ಡೇಟು ಬಂದು ಐದು ವರ್ಷಗಳು ಮೀರಿದ್ದುವು. ಪಿಂಚಣಿಯ ಖಾತೆ, ಹಾಲಿನವನಿಗೆ ಯುಪಿಐ ಮೂಲಕ ಕೊಡುವ ಹಣ, ಎಲ್ಲವೂ ಅದರಲ್ಲಿಯೇ. ವಾಟ್ಸಾಪ್ ಕೂಡ 2025ರ ಜನವರಿಯಿಂದ ಆಂಡ್ರಾಯ್ಡ್ 4.4ನ್ನೂ, ಅದೇ ಮೇ ತಿಂಗಳಿನಿಂದ ಐಓಎಸ್ 15.1ಕ್ಕಿಂತ ಹಿಂದಿನವನ್ನೂ ಕೈಬಿಟ್ಟಿತೆಂದೂ, ನಾಳೆ ಅವರದಕ್ಕೂ ಅದೇ ಗತಿಯೆಂದೂ ನಾವು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಮಗನು ಒಳಗೆ ಹೋದ ಮೇಲೆ ಮೆಲ್ಲಗೆ ನುಡಿದರು: “ದುಡ್ಡಿನ ಮಾತಲ್ಲ ಸ್ವಾಮಿ. ಇದನ್ನು ಕಲಿಯುವುದಕ್ಕೆ ನನಗೆ ಎರಡು ವರ್ಷ ಹಿಡಿಯಿತು. ಕಣ್ಣು ಮುಚ್ಚಿಕೊಂಡು ಒತ್ತಬಲ್ಲೆ. ಹೊಸದು ಬಂದರೆ ಮತ್ತೆ ಮಗನ ಎದುರಿಗೆ ನಿಂತು ಒಂದೊಂದನ್ನೂ ಕೇಳಬೇಕು. ನಲವತ್ತು ವರ್ಷ ಹೇಳಿಕೊಟ್ಟವನು ನಾನು.”

ಈ ಮಾತನ್ನು ಕೇಳಿ ನಮಗೆ ನಾಚಿಕೆಯಾಯಿತು. ಹಿರಿಯರು ಹಳೆಯದನ್ನು ಬಿಡದಿರುವುದನ್ನು ನಾವು ಜಿಪುಣತನವೆಂದೋ ಹಟವೆಂದೋ ಬಗೆಯುವೆವು; ಅದು ಸ್ವಾತಂತ್ರ್ಯವನ್ನು ಕಾಪಾಡಿಕೊಳ್ಳುವ ಪ್ರಯತ್ನವಾಗಿರಬಹುದೆಂದು ಊಹಿಸುವುದೇ ಇಲ್ಲ. ಹಿರಿಯರಿಗೆ ಹೊಸ ಮೊಬೈಲನ್ನು ತರುವ ಮನೆಯವರು ಅದರ ಬೆಲೆಯೊಡನೆ ಹತ್ತು ಸಂಜೆಗಳನ್ನೂ ಖರ್ಚಿಗೆ ಹಿಡಿಯತಕ್ಕದ್ದು. ಸಾಧ್ಯವಾದಷ್ಟೂ ಅದೇ ತಯಾರಕರದನ್ನು ಆರಿಸಿ, ಅಕ್ಷರವನ್ನು ದೊಡ್ಡದು ಮಾಡಿ, ಕನ್ನಡದ ಕೀಲಿಮಣೆಯನ್ನು ಹಾಕಿ, ಹಳೆಯದರಲ್ಲಿ ಯಾವ ಗುರುತು ಎಲ್ಲಿದ್ದಿತೋ ಹೊಸದರಲ್ಲಿಯೂ ಅಲ್ಲಿಯೇ ಇಟ್ಟುಕೊಟ್ಟರೆ ಅರ್ಧ ಕಷ್ಟವು ಪರಿಹಾರವಾಗುವುದು. ಮತ್ತೊಂದು ಮಾತು. ಹೊಸ ಮೊಬೈಲೇ ರಕ್ಷೆಯೆಂದು ಯಾರೂ ಮೈಮರೆಯಕೂಡದು. ಬಾಗಿಲಿಗೆ ಎಂತಹ ಚಿಲಕವಿದ್ದರೇನು, ಸವಿಮಾತಿಗೆ ಮರುಳಾಗಿ ನಾವೇ ಓಟಿಪಿ ಹೇಳಿದರೆ ಹಣವು ಹೋಗಿಯೇ ಹೋಗುವುದು. ಹಾಗೇನಾದರೂ ನಡೆದಲ್ಲಿ ಕ್ಷಣವೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಳೆಯ ಮೊಬೈಲನ್ನು ಏನು ಮಾಡುವುದು? ಬ್ಯಾಂಕಿನ ಖಾತೆಗಳನ್ನೆಲ್ಲ ತೆಗೆದು, ಸಿಮ್ಮನ್ನು ಕಿತ್ತು, ಬ್ಯಾಟರಿ ಸರಿಯಾಗಿದ್ದರೆ ಗಡಿಯಾರಕ್ಕೂ ಸಂಗೀತಕ್ಕೂ ಇಟ್ಟುಕೊಳ್ಳಬಹುದು. ಮಾರುವುದಾದರೆ ಚಿತ್ರಗಳನ್ನು ಬೇರೆಡೆಗೆ ಇಳಿಸಿ, ಒಳಗಿರುವುದನ್ನೆಲ್ಲ ಪೂರ್ತಿ ಅಳಿಸಿಯೇ ಕೊಡಬೇಕು. ಹಳೆಯದನ್ನು ಕೊಳ್ಳುವವರು *#06# ಒತ್ತಿ ಬರುವ ಹದಿನೈದು ಅಂಕೆಯ ಐಎಂಇಐ ಸಂಖ್ಯೆಯನ್ನು, 2023ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಸಂಚಾರ ಸಾಥಿ ವ್ಯವಸ್ಥೆಯಲ್ಲಿ ಪರೀಕ್ಷಿಸಿ, ಕದ್ದ ಮಾಲಲ್ಲವೆಂದು ನಿಶ್ಚಯಿಸಿಕೊಳ್ಳತಕ್ಕದ್ದು.

ಪೂರ್ತಿ ಕೆಟ್ಟದ್ದನ್ನು ಕಸದ ಗಾಡಿಗೆ ಎಸೆಯಕೂಡದು. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ 2005ರಿಂದ ನಡೆಯುತ್ತಿರುವ ಇ-ಪರಿಸರ ಎಂಬ ಸಂಸ್ಥೆಯು ಇಂತಹ ತ್ಯಾಜ್ಯವನ್ನು ಬಿಡಿಸಿ ಲೋಹಗಳನ್ನು ಬೇರ್ಪಡಿಸುವ ಕೆಲಸದಲ್ಲಿ ನಮ್ಮ ದೇಶದಲ್ಲಿಯೇ ಮೊದಲಿಗರ ಸಾಲಿಗೆ ಸೇರಿದುದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಈ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ. ಕೋಲಾರದ ಚಿನ್ನದ ಗಣಿಯು 2001ರಲ್ಲಿ ಮುಚ್ಚಿತಷ್ಟೆ. ಗಣಿಗಳಲ್ಲಿ ಒಂದು ಟನ್ ಅದಿರಿಗೆ ಸಾಮಾನ್ಯವಾಗಿ ಕೆಲವೇ ಗ್ರಾಂ ಚಿನ್ನ ಸಿಗುವುದಾದರೆ, ಒಂದು ಟನ್ ಹಳೆಯ ಮೊಬೈಲುಗಳಲ್ಲಿ ನೂರಾರು ಗ್ರಾಂ ಚಿನ್ನವಿರುವುದು. ನಮ್ಮ ಮೇಜಿನ ಖಾನೆಗಳಲ್ಲಿ ಬಿದ್ದಿರುವುದು ಕಸವಲ್ಲ, ಚೂರು ಚೂರಾದ ಗಣಿ.

ಮೊನ್ನೆ ಮತ್ತೆ ಮೇಷ್ಟ್ರ ಮನೆಗೆ ಹೋಗಿದ್ದೆವು. ಮಗನ ಮೊಬೈಲಿಗೆ ಹೊಸ ಬ್ಯಾಟರಿ ಬಂದಿದೆ. ಅವನು ಹೊಸದಕ್ಕೆಂದು ತೆಗೆದಿಟ್ಟಿದ್ದುದರಲ್ಲಿ ಅರ್ಧಕ್ಕಿಂತ ಕಡಿಮೆಯಲ್ಲಿ ತಂದೆಯವರಿಗೆ ಸಾಧಾರಣವಾದದ್ದೊಂದು ಬಂದಿದೆ, ಮಿಕ್ಕಿದ್ದು ಫೀಜಿಗೆ. ಆದರೆ ಹೇಳಿಕೊಡಲು ಕೂತಿದ್ದವನು ಮಗನಲ್ಲ, ಮೊಮ್ಮಗಳು. “ತಾತ, ಇಲ್ಲಿ ಅಲ್ಲ, ಅದರ ಪಕ್ಕದ್ದು” ಎನ್ನುತ್ತಿದ್ದಳು. “ಅವಸರ ಮಾಡಬೇಡಮ್ಮ. ಮಗ್ಗಿ ಕಲಿಸುವಾಗ ನಾನು ನಿನ್ನನ್ನು ಅವಸರಪಡಿಸಿದ್ದೆನೇ?” ಎಂದರು ಮೇಷ್ಟ್ರು. ಹಳೆಯ ಮೊಬೈಲು ಸಿಮ್ಮಿಲ್ಲದೆ ಗೂಡಿನಲ್ಲಿ ಕೂತು ಮೆಲ್ಲಗೆ ಹಾಡುತ್ತಲಿದ್ದಿತು.