ದೇಹವು ಕೋಟೆಯೆ?

ಕೆಲವು ವರ್ಷಗಳ ಹಿಂದೆ ನನ್ನ ಹಳಗನ್ನಡದ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಪದ್ಯವನ್ನೋದುವಾಗಲೆಲ್ಲ ಕರವಸ್ತ್ರದಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಉಚ್ಚಾರಣೆ ಕೆಡುತ್ತಿತ್ತು. ಒಂದು ದಿನ ನಾನು, "ಬಾಯಿ ಶುದ್ಧವಾಗಿಟ್ಟುಕೊಂಡರೆ ಮರೆಮಾಡುವ ಪ್ರಸಂಗ ಬಾರದಪ್ಪ" ಎಂದುಬಿಟ್ಟೆ. ತರಗತಿ ನಕ್ಕಿತು. ಮರುವಾರ ಅವನ ತಂದೆ ಬಂದು, "ಸ್ವಾಮಿ, ಅವನು ದಿನಕ್ಕೆ ಮೂರು ಸಲ ಹಲ್ಲುಜ್ಜುತ್ತಾನೆ. ರಕ್ತದ ಬಿಳಿಯ ಕಣಗಳಲ್ಲಿ ಹುಟ್ಟಿನಿಂದಲೇ ದೋಷವಿದೆಯಂತೆ, ಹಲ್ಲುಗಳು ಒಂದೊಂದಾಗಿ ಉದುರುತ್ತಿವೆ" ಎಂದರು. ನಾನು ತಲೆತಗ್ಗಿಸಿದೆ. ಆ ಲಜ್ಜೆಯೇ ಈ ಲೇಖನಕ್ಕೆ ಮೂಲ.

ಬಾಯಿಯಲ್ಲಿ ಜೀವಿಗಳ ವಾಸವಿದೆಯೆಂಬುದು ಹೊಸ ಸಂಗತಿಯಲ್ಲ. ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಸಂದಿಯ ಬಿಳಿಯ ಕಿಟ್ಟವನ್ನು ಮಸೂರದ ಮೂಲಕ ನೋಡಿ, ಅಲ್ಲಿ ಕಂಡ ಚಲಿಸುವ ಜೀವಿಗಳ ವರ್ಣನೆಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದ. ಮನುಷ್ಯರ ಬಾಯಿಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಇಂದು ಗುರುತಿಸಿದ್ದಾರೆ. ಆ ಬ್ಯಾಕ್ಟೀರಿಯಾಗಳನ್ನೇ ಆಶ್ರಯಿಸಿದ ವೈರಸ್‌ಗಳೂ ಅಲ್ಲಿವೆ. ಬಾಲ್ಯದಲ್ಲಿ ಹೊಕ್ಕು, ನರದಲ್ಲಿ ಮಲಗಿದ್ದು, ದೇಹ ಸೋತಾಗ ಮೇಲೇಳುವ ಹರ್ಪಿಸ್ ವೈರಸ್ಸೂ ಇದೆ. ಆರೋಗ್ಯವಂತರಲ್ಲಿ ಈ ದೊಡ್ಡ ಸಂಸಾರ ಹೇಗೋ ಸಾಗುತ್ತಿರುತ್ತದೆ.

ಇದನ್ನು ವಿವರಿಸಲು ನಾವು ಒಂದೇ ಉಪಮೆಯನ್ನು ಬಳಸುತ್ತ ಬಂದಿದ್ದೇವೆ. ದೇಹವೊಂದು ಕೋಟೆ, ಸೂಕ್ಷ್ಮಜೀವಿ ಶತ್ರು, ಬಿಳಿಯ ಕಣ ಕಾವಲುಭಟ. ಭಟನಿಲ್ಲದಿದ್ದರೆ ಶತ್ರು ನುಗ್ಗುತ್ತಾನೆ. ನುಗ್ಗಿದ ಮೇಲೆ, ಕಾವಲು ತಪ್ಪಿದವರು ಯಾರೆಂಬ ಪ್ರಶ್ನೆ ಬಾರದಿರುತ್ತದೆಯೆ? ನಾನು ತರಗತಿಯಲ್ಲಿ ಆಡಿದ ಮಾತು ಆ ಉಪಮೆಯ ಕೂಸು.

ಲ್ಯೂಕೋಸೈಟ್ ಅಡ್ಹೀಷನ್ ಡಿಫಿಷಿಯೆನ್ಸಿ ಎಂಬ ಅಪರೂಪದ ಕಾಯಿಲೆಯೊಂದಿದೆ. ಅದರ ಮೊದಲನೆಯ ಬಗೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವಂಥದು. ತಾಯಿತಂದೆಯರಿಬ್ಬರಿಂದಲೂ ದೋಷವುಳ್ಳ ಜೀನ್ ಬಂದಾಗ, ಬಿಳಿಯ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಬರುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ರಕ್ತದಲ್ಲಿ ಅವು ತುಂಬಿ ತುಳುಕುತ್ತಿದ್ದರೂ ಒಸಡಿಗೆ ತಲುಪಲಾರವು. ಒಸಡು ಊದಿ, ದವಡೆಯ ಎಲುಬು ಕರಗಿ, ಎಳೆಯ ವಯಸ್ಸಿನಲ್ಲೇ ಹಲ್ಲುಗಳು ಬೀಳುತ್ತವೆ. ಕಾವಲಿಲ್ಲದ ಕೋಟೆಗೆ ಬ್ಯಾಕ್ಟೀರಿಯಾಗಳ ದಾಳಿಯೆಂದೇ ವೈದ್ಯರೂ ಬಹುಕಾಲ ನಂಬಿದ್ದರು. ಆದರೆ ಹಲ್ಲನ್ನು ಎಷ್ಟು ಶುದ್ಧಿ ಮಾಡಿದರೂ, ಆಂಟಿಬಯಾಟಿಕ್ ಕೊಟ್ಟರೂ ರೋಗ ನಿಲ್ಲುತ್ತಿರಲಿಲ್ಲ.

2014ರಲ್ಲಿ ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಇಂಥ ರೋಗಿಗಳ ಒಸಡನ್ನೇ ಪರೀಕ್ಷಿಸಿದರು. ಬ್ಯಾಕ್ಟೀರಿಯಾಗಳು ಹಲ್ಲಿನ ಮೇಲೆ ಇದ್ದವೇ ಹೊರತು ಒಸಡಿನೊಳಕ್ಕೆ ನುಗ್ಗಿರಲಿಲ್ಲ. ಒಳಗೆ ಉರಿಯುತ್ತಿದ್ದದ್ದು ದೇಹವೇ ಹೊತ್ತಿಸಿದ ಬೆಂಕಿ. ಬಿಳಿಯ ಕಣಗಳು ಒಸಡಿಗೆ ಬಂದು, ಕೆಲಸ ಮುಗಿಸಿ, ಅಲ್ಲಿಯೇ ಸಾಯುವಾಗ "ಇನ್ನು ಸಾಕು" ಎಂಬ ಸೂಚನೆಯೊಂದು ಹೊರಡುತ್ತದೆ. ಅವು ಬಾರದಿದ್ದರೆ ಸಾಕೆನ್ನುವವರೇ ಇಲ್ಲ. ಇಂಟರ್‌ಲ್ಯೂಕಿನ್ 23 ಮತ್ತು 17 ಎಂಬ ರಾಸಾಯನಿಕ ಸಂದೇಶಗಳು ಮಿತಿಮೀರಿ ಎಲುಬನ್ನು ಕರಗಿಸುತ್ತವೆ. 2017ರಲ್ಲಿ ಒಬ್ಬ ರೋಗಿಗೆ ಆ ಸಂದೇಶವನ್ನು ತಡೆಯುವ ಔಷಧ ಕೊಟ್ಟಾಗ ಒಸಡಿನ ಊತ ಇಳಿದ ವರದಿ ಪ್ರಕಟವಾಯಿತು.

ಹಾಗೆಂದು ಬಾಯಿ ತೊಳೆಯುವುದು ವ್ಯರ್ಥವೆಂದು ಯಾರೂ ಭಾವಿಸಬಾರದು. ಹಲ್ಲಿನ ಮೇಲಿನ ಜೀವಿಗಳೇ ಆ ಬೆಂಕಿಗೆ ಕಿಡಿ. ಇದೇ ರೋಗಿಗಳ ಚರ್ಮಕ್ಕೆ, ಶ್ವಾಸಕೋಶಕ್ಕೆ ಸೋಂಕು ತಗುಲಿದರೆ ಪ್ರಾಣಕ್ಕೇ ಅಪಾಯ. ಅಲ್ಲಿ ಕೋಟೆಯ ಉಪಮೆ ಸಲ್ಲುತ್ತದೆ. ಒಂದೆಡೆ ಸಂದುದು ಎಲ್ಲೆಡೆಯೂ ಸಲ್ಲುತ್ತದೆಂದು ಭಾವಿಸುವುದೇ ತಪ್ಪು.

ಉಪಮೆ ಕಾವ್ಯಕ್ಕೆ ಅಲಂಕಾರವೆಂದು ನಾವು ಪಾಠ ಹೇಳುತ್ತೇವೆ. ವಿಜ್ಞಾನದ ಬರವಣಿಗೆಯಲ್ಲಿ ಅದು ಅಲಂಕಾರವಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ. ರೋಗವನ್ನು ಯುದ್ಧವೆಂದರೆ ರೋಗಿ ಸೋತವನಾಗುತ್ತಾನೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರೂ ಅದನ್ನು ತರಗತಿಯಲ್ಲಿ ಹೇಳುವವರೂ ಇದನ್ನು ನೆನೆಯಬೇಕು.

ಮರುದಿನ ಎಲ್ಲರೆದುರಿಗೆ ಆ ಹುಡುಗನ ಕ್ಷಮೆ ಕೇಳಿದೆ. ಅವನು, "ಇರಲಿ ಸಾರ್" ಎಂದ. ಕರವಸ್ತ್ರವನ್ನು ತೆಗೆಯಲಿಲ್ಲ, ಆದರೆ ಪದ್ಯವನ್ನು ಪೂರ್ತಿ ಓದಿದ.