ಅಳಿಸುವುದೂ ಕೆಲಸವೇ, ಸ್ವಾಮಿ

ಮೂರು ವರ್ಷದ ಹಿಂದೆ ಯುಗಾದಿಗೆ ಗೋಕಾಕಕ್ಕೆ ಹೋದಾಗ ಅವ್ವ ಕೇಳಿದಳು, "ವರ್ಷಪೂರ್ತಿ ಏನ್ ಕೆಲಸಾ ಮಾಡಿದೆಪಾ?"

"ಹಳೀ ಕೋಡ್ ಅಳಿಸಿದೆ, ಅವ್ವಾ."

"ಅಳಸಾಕೂ ಪಗಾರ ಕೊಡ್ತಾರನು?" ಎಂದು ನಕ್ಕಳು.

ಅವಳ ನಗುವಿಗೆ ನನ್ನ ತಕರಾರಿಲ್ಲ. ಇದೇ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ನನ್ನ ಆಗಿನ ಮ್ಯಾನೇಜರು ನಗದೆ ಕೇಳಿದ್ದರಲ್ಲ, ತಕರಾರು ಅದಕ್ಕೆ. ಅಪ್ರೈಸಲ್ ಫಾರ್ಮಿನಲ್ಲಿ 'ಹೊಸದಾಗಿ ಸೇರಿಸಿದ್ದು' ಎಂಬ ಕಾಲಂ ಇತ್ತು. 'ತೆಗೆದದ್ದು' ಎಂಬುದಕ್ಕೆ ಜಾಗವಿರಲಿಲ್ಲ.

ನಾನು ಅಳಿಸುತ್ತಿದ್ದದ್ದು ಕರ್ನಲ್‌ನೊಳಗೆ ಮೆಮರಿಯನ್ನು ಅಣಿಗೊಳಿಸುವ ಕೋಡನ್ನು. ಯಂತ್ರ ಚಾಲೂ ಆದ ಕ್ಷಣದಲ್ಲಿ ತನ್ನ ಬಳಿ ಎಷ್ಟು ಮೆಮರಿಯಿದೆ, ಅದರಲ್ಲಿ ಯಾವ ಭಾಗವನ್ನು ಫರ್ಮ್‌ವೇರ್ ಹಿಡಿದುಕೊಂಡಿದೆ ಎಂಬುದು ಕರ್ನಲ್‌ಗೆ ಗೊತ್ತಿರುವುದಿಲ್ಲ. ಅದನ್ನು ತಿಳಿದುಕೊಂಡು, ಮೆಮರಿಯನ್ನು ಸಾಮಾನ್ಯವಾಗಿ 4 ಕೆಬಿಯ ಪೇಜುಗಳಾಗಿ ವಿಂಗಡಿಸಿ, ಪ್ರತಿ ಪೇಜಿಗೂ ಒಂದು ಲೆಕ್ಕ ತೆರೆಯಬೇಕು. 64 ಬಿಟ್ ಲಿನಕ್ಸ್‌ನಲ್ಲಿ ಒಂದು ಪೇಜಿನ ಲೆಕ್ಕಕ್ಕೆ ಸಾಮಾನ್ಯವಾಗಿ 64 ಬೈಟ್. 16 ಜಿಬಿ ಎಂದರೆ 41,94,304 ಪೇಜು. ಬರೀ ಖಾತೆಪುಸ್ತಕಕ್ಕೇ 256 ಎಂಬಿ. ಈ ಪುಸ್ತಕ ಇಡುವುದಕ್ಕೂ ಮೆಮರಿ ಬೇಕು, ಆದರೆ ಮೆಮರಿ ಹಂಚುವವನು ಇನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಅವನು ಬರುವವರೆಗೆ ಒಬ್ಬ ಹಂಗಾಮಿ ಹಂಚಿಕೆದಾರ ಬೇಕು. ಇಲ್ಲಿ ಎಡವಿದರೆ ದೋಷದ ಸಂದೇಶವೂ ಬರದಿರಬಹುದು. ಅದನ್ನು ತೋರಿಸುವ ಭಾಗವೇ ಇನ್ನೂ ಎದ್ದಿರುವುದಿಲ್ಲ. ಕಪ್ಪು ಪರದೆ, ಅಷ್ಟೇ. ಅದಕ್ಕೆ ಹೆದರಿಯೇ ಹೆಚ್ಚಿನವರು ಈ ಕೋಡಿಗೆ ಕೈ ಹಾಕುವುದಿಲ್ಲ.

ಲಿನಕ್ಸ್‌ನಲ್ಲಿ ಈ ಹಂಗಾಮಿ ಕೆಲಸಕ್ಕೆ ಮೊದಲು ಬೂಟ್‌ಮೆಮ್ ಇತ್ತು. ಆಮೇಲೆ ಮೆಮ್‌ಬ್ಲಾಕ್ ಬಂತು. ಹೊಸಬ ಬಂದ, ಹಳಬ ಹೋಗಲಿಲ್ಲ. ವರ್ಷಗಟ್ಟಲೆ ಇಬ್ಬರೂ ಇದ್ದರು. 2018ರ ಕೊನೆಗೆ 4.20ನೇ ಆವೃತ್ತಿಯಲ್ಲಿ ಬೂಟ್‌ಮೆಮ್ ಪೂರ್ತಿ ಹೊರಬಿತ್ತು. ಆ ಕೆಲಸದ ಹಿಂದಿದ್ದವರು ಮೈಕ್ ರಾಪೊಪೋರ್ಟ್. ಅಲ್ಲಿಗೂ ಮುಗಿಯಲಿಲ್ಲ. ಮೆಮ್ ಇನಿಟ್ ಎಂಬ ಫಂಕ್ಷನ್ ಒಂದೊಂದು ಪ್ರೊಸೆಸರ್ ಆರ್ಕಿಟೆಕ್ಚರ್‌ಗೂ ಬೇರೆ ಇತ್ತು. ಮಾಡುತ್ತಿದ್ದುದು ಬಹುಪಾಲು ಒಂದೇ: ಖಾಲಿ ಪೇಜುಗಳನ್ನು ಕಾಯಂ ಹಂಚಿಕೆದಾರನ ಕೈಗೆ ಒಪ್ಪಿಸುವುದು. ಆ ಸಮಾನ ಭಾಗವನ್ನು ಒಂದೇ ಕಡೆ ತಂದದ್ದು 2025ರಲ್ಲಿ. ಆಂಡ್ರಾಯ್ಡ್ ಫೋನಿನೊಳಗಿರುವುದೂ ಲಿನಕ್ಸ್ ಕರ್ನಲ್ಲೇ. ಇಂಥ ಬದಲಾವಣೆ ಬಂದಾಗ ಫೋನ್ ಹಿಡಿದವರಿಗೆ ಏನೂ ಗೊತ್ತಾಗಬಾರದು. ಪ್ಯಾಚಿನ ಕೆಳಗೆ 'ನಡವಳಿಕೆಯಲ್ಲಿ ಬದಲಾವಣೆಯಿಲ್ಲ' ಎಂದು ಬರೆಯುವುದು ವಾಡಿಕೆ. ಮ್ಯಾನೇಜರು ಅದನ್ನೋದಿ, 'ಮತ್ತೆ ಮಾಡಿದ್ದೇಕೆ?' ಎನ್ನುತ್ತಾರೆ.

ಏಕೆಂದು ಹೇಳುತ್ತೇನೆ. ನಮ್ಮಲ್ಲಿ ಮೂರು ಬೋರ್ಡುಗಳಿದ್ದವು. ಒಂದರ ಮೆಮರಿ ಕೋಡನ್ನು ನಕಲು ಮಾಡಿ ಎರಡನೆಯದು, ಅದನ್ನು ನಕಲು ಮಾಡಿ ಮೂರನೆಯದು. ಫರ್ಮ್‌ವೇರ್‌ಗೆಂದು ಕಾಯ್ದಿರಿಸಿದ ಜಾಗ ಬದಲಾದಾಗ ಎರಡು ಕಡೆ ತಿದ್ದಿದರು, ಮೂರನೆಯದು ಮರೆತುಹೋಯಿತು. ಆ ಬೋರ್ಡು ಬೂಟ್ ಆಗುತ್ತಿತ್ತು, ದಿನಗಟ್ಟಲೆ ಓಡುತ್ತಿತ್ತು. ಫರ್ಮ್‌ವೇರ್ ಬಳಸುತ್ತಿದ್ದ ಪೇಜನ್ನು ಕರ್ನಲ್ ಯಾವತ್ತೋ ಒಂದು ದಿನ ಬೇರೆ ಯಾರಿಗೋ ಕೊಟ್ಟಾಗ ಸಾಯುತ್ತಿತ್ತು. ಇಬ್ಬರು ಹುಡುಗರು ಆರು ವಾರ ಹಾರ್ಡ್‌ವೇರಿನಲ್ಲಿ ತಪ್ಪು ಹುಡುಕಿದರು. ಅವರಲ್ಲಿ ಹುಕ್ಕೇರಿ ಕಡೆಯವನೊಬ್ಬನನ್ನು ಕೆಲಸದಿಂದಲೇ ತೆಗೆದರು. ಆಮೇಲೆ ನಾನು ಮೂರನ್ನೂ ಒಂದು ಮಾಡಿ 1,900 ಸಾಲು ಅಳಿಸಿದೆ, 140 ಸೇರಿಸಿದೆ. ಫಾರ್ಮು ಮೈನಸ್ ಚಿಹ್ನೆ ತೆಗೆದುಕೊಳ್ಳಲಿಲ್ಲ. 140 ಎಂದು ತುಂಬಿದೆ. "ವರ್ಷಕ್ಕೆ ಇಷ್ಟೇನಾ?" ಎಂದರು.

ಮೂಡಲಗಿ ಕಡೆ ನಮ್ಮ ಕಾಕಾನ ಹೊಲವಿದೆ, ಘಟಪ್ರಭಾ ಎಡದಂಡೆ ಕಾಲುವೆಯ ಒಂದು ಕವಲಿನ ತುದಿಯಲ್ಲಿ. ಧೂಪದಾಳದಲ್ಲಿ ನೀರು ಬಿಟ್ಟರೂ, ಹೂಳು ತೆಗೆಯದ ವರ್ಷ ಅದು ಕಾಕಾನವರೆಗೆ ಬರುವುದಿಲ್ಲ. ಮೇಲಿನ ಹೊಲದವರ ಕಬ್ಬು ಮಾತ್ರ ಹಸಿರಾಗಿಯೇ ಇರುತ್ತದೆ. "ಕಾಲುವಿ ಚಲೋನ ಐತಿ, ನೀರ ಹರ್ಯಾಕತ್ತೈತಲ್ಲ" ಎನ್ನುವವರು ಅವರೇ. ನಮ್ಮ ಮೂರನೇ ಬೋರ್ಡು ಕಾಕಾನ ಹೊಲವಿದ್ದಂತೆ. ಮೊದಲೆರಡನ್ನು ನೋಡಿದವರಿಗೆ ಎಲ್ಲ ಸರಿಯಾಗಿಯೇ ಇತ್ತು.

'ನಡೆಯುತ್ತಿರುವುದನ್ನು ಮುಟ್ಟಬೇಡ' ಎನ್ನುವವರ ಮಾತು ಪೂರ್ತಿ ಸುಳ್ಳೆನ್ನಲಾರೆ. ಸ್ವಚ್ಛ ಮಾಡಲು ಹೋಗಿ ಸರಿಯಿದ್ದದ್ದನ್ನು ನಾನೇ ಎರಡು ಸಲ ಕೆಡಿಸಿದ್ದೇನೆ. ಹೆಸರು ಬದಲಿಸಿ, ಖಾಲಿ ಜಾಗ ಸರಿಪಡಿಸಿ ಪ್ಯಾಚ್ ಎಣಿಸಿಕೊಳ್ಳುವವರೂ ಇದ್ದಾರೆ. ಅದು ಸುಣ್ಣ ಬಳಿಯುವುದು, ಹೂಳು ತೆಗೆಯುವುದಲ್ಲ. ಆದರೆ ಮುಟ್ಟದ ಕೋಡು ಇದ್ದ ಹಾಗೇ ಇರುತ್ತದೆಂಬ ನಂಬಿಕೆ ಇದೆಯಲ್ಲ, ಅದು ಸುಳ್ಳು. ಚಿಪ್ ಬದಲಾಗುತ್ತದೆ, ಫರ್ಮ್‌ವೇರ್ ಬದಲಾಗುತ್ತದೆ, ಬರೆದವನು ಕೆಲಸ ಬಿಡುತ್ತಾನೆ. 2018ರಲ್ಲಿ 4.17ನೇ ಆವೃತ್ತಿ ಬರುವಾಗ ಲಿನಕ್ಸ್ ಎಂಟು ಆರ್ಕಿಟೆಕ್ಚರ್‌ಗಳನ್ನೇ ಕೈಬಿಟ್ಟಿತು. ಅವು ಇರುವವರೆಗೂ, ಮೆಮರಿ ಕೋಡಿನಲ್ಲಿ ಏನು ಬದಲಿಸಿದರೂ ಅವುಗಳ ಪಾಲಿನದನ್ನೂ ಯಾರಾದರೂ ತಿದ್ದಲೇಬೇಕಿತ್ತು. ಆ ದುಡಿತ ಯಾವ ಕಂಪನಿಯ ಲೆಕ್ಕದಲ್ಲೂ ಬಂದಿರಲಾರದು.

ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಬರೆಯುವ ನಾವೂ ಮ್ಯಾನೇಜರುಗಳ ಸಾಲಿನವರೇ. ಹೊಸ ಫೋನು, ಹೊಸ ಆ್ಯಪ್, ಈಗ ಎಐ. ಹಳೆಯದನ್ನು ಓಡಿಸಿಕೊಂಡು ಹೋಗುವವರ ಬಗ್ಗೆ ಬರೆಯಲು ಸಂಪಾದಕರೂ ಕೇಳುವುದಿಲ್ಲ, ನಮಗೂ ಹೊಳೆಯುವುದಿಲ್ಲ.

ಆ ಕಂಪನಿ ಬಿಟ್ಟು ಎರಡು ವರ್ಷವಾಯಿತು. ಈಗ ನಾನೇ ನಾಲ್ಕು ಜನರ ಅಪ್ರೈಸಲ್ ಮಾಡಬೇಕು. ಫಾರ್ಮು ಬೇರೆ, ಕಾಲಂ ಅದೇ. ಈ ಸಲ ಷರಾದ ಜಾಗದಲ್ಲಿ ಪ್ರತಿಯೊಬ್ಬರೂ ಎಷ್ಟು ಸಾಲು ತೆಗೆದರು, ಅದರಿಂದ ಯಾವ ಬೋರ್ಡು ಉಳಿಯಿತು ಎಂದು ಬರೆದು ಕಳಿಸಿದೆ. ಎಚ್‌ಆರ್‌ನವರು 'ಸಂಬಂಧವಿಲ್ಲದ ಮಾಹಿತಿ' ಎಂದು ವಾಪಸು ಮಾಡಿದರು. ಒಂದಕ್ಷರವನ್ನೂ ಬದಲಿಸದೆ ನಿನ್ನೆ ಮತ್ತೆ ಕಳಿಸಿದ್ದೇನೆ.