ತುಂಗಭದ್ರೆಗೆ ಹಡಗು ಬೇಡ, ನೀರು ಬೇಕು



ಪ್ರೌಢಶಾಲೆಯಲ್ಲಿ ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗಲೆಲ್ಲ ನಾನು ಕಪ್ಪುಹಲಗೆಯ ಮೇಲೆ ಒಂದು ಕಾಲುವೆಯನ್ನೂ, ಅದರೊಳಗೆ ದೋಣಿಯನ್ನು ಏರಿಸಿ ಇಳಿಸುವ ಎರಡು ಬಾಗಿಲಿನ ‘ಲಾಕ್’ ಎಂಬ ನೀರಿನ ಕೋಣೆಯನ್ನೂ ಬರೆದು ತೋರಿಸುತ್ತಿದ್ದೆ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಬ್ಯಾಸಿಗ್ಯಾಗ ಆ ದೋಣಿ ಎಲ್ಲಿ ನಿಂದರ್ತಾವ್ರೀ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ. ಆ ಪ್ರಶ್ನೆಗೆ ಉತ್ತರಿಸದೆ ಹೋದದ್ದು ನನ್ನ ತಪ್ಪು. ದೊಡ್ಡ ದೊಡ್ಡ ಎಂಜಿನಿಯರುಗಳೂ ಶಾಸನಕರ್ತರೂ ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯನ್ನೇ ಆ ಹುಡುಗ ಕೇಳಿದ್ದ.

2016ರ ರಾಷ್ಟ್ರೀಯ ಜಲಮಾರ್ಗ ಅಧಿನಿಯಮವು ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ 104ನೆಯದು ನಮ್ಮ ತುಂಗಭದ್ರೆ. ಕಾಗದದ ಮೇಲೆ ಆಕೆ ಈಗ ಹೆದ್ದಾರಿ. ಕೆಂಚನಗುಡ್ಡದ ದಡದಲ್ಲಿ ನಿಂತು ಏಪ್ರಿಲ್ ತಿಂಗಳಲ್ಲಿ ಆ ಹೆದ್ದಾರಿಯನ್ನು ನೋಡಿದವರಿಗೆ ನಗುವುದೋ ಅಳುವುದೋ ತಿಳಿಯದು. ಬಂಡೆಗಳ ನಡುವೆ ಅಲ್ಲಲ್ಲಿ ನಿಂತ ಮಡುಗಳು, ಮಿಕ್ಕಂತೆ ಮರಳು. ಹರಿಗೋಲು ಹಾಕುವವನೇ ನೀರು ಹುಡುಕಬೇಕಾದ ಕಾಲ ಅದು.

“ಇಂಗ್ಲೆಂಡಿನವರು ಮಾಡಲಿಲ್ಲವೇ?” ಎಂದು ಕೇಳುವ ಮಿತ್ರರಿದ್ದಾರೆ. ಮಾಡಿದರು, ನಿಜ. ಸರ್ ರಿಚರ್ಡ್ ವೆಸ್ಟನ್ ಎಂಬ ಜಮೀನ್ದಾರ ಗಿಲ್ಡ್‌ಫರ್ಡ್ ಎಂಬ ಊರಿನಿಂದ ಥೇಮ್ಸ್ ನದಿಯವರೆಗೆ ವೇ ಎಂಬ ಸಣ್ಣ ಹೊಳೆಯನ್ನು ದೋಣಿದಾರಿಯಾಗಿಸಲು ಹೊರಟ. 1651ರಲ್ಲಿ ಕಾಯಿದೆಯಾಯಿತು, 1653ರಲ್ಲಿ ದಾರಿ ತೆರೆಯಿತು. ಅದನ್ನು ನೋಡಲು ವೆಸ್ಟನ್ ಬದುಕಿರಲಿಲ್ಲ. ಹಿಂದಿನ ವರ್ಷವೇ ತೀರಿಕೊಂಡಿದ್ದ. ಹಣ ಹಾಕಿದವರ, ನೆಲ ಕಳೆದುಕೊಂಡವರ ವ್ಯಾಜ್ಯಗಳು 1671ರಲ್ಲಿ ಇನ್ನೊಂದು ಕಾಯಿದೆಯಾಗುವವರೆಗೂ ಎಳೆದಾಡಿದವು. ಆದರೂ ಆ ದಾರಿ ಉಳಿಯಿತು, ಏಕೆಂದರೆ ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಮಳೆ ಹಂಚಿಕೊಂಡು ಬೀಳುತ್ತದೆ. ನಮ್ಮದು ನಾಲ್ಕು ತಿಂಗಳು ಉಕ್ಕಿ ಎಂಟು ತಿಂಗಳು ಬಾಡುವ ನದಿ. ಅಲ್ಲಿಯ ಪಾಠವನ್ನು ಇಲ್ಲಿಯ ನದಿಗೆ ಒಪ್ಪಿಸಿದರೆ ಆಕೆ ಉತ್ತೀರ್ಣಳಾಗುವುದೆಂತು?

ಇದು ಊಹೆಯ ಮಾತಲ್ಲ. ಇದೇ ನದಿಯ ಮೇಲೆ ಒಮ್ಮೆ ಪರೀಕ್ಷೆ ನಡೆದುಹೋಗಿದೆ. ಸರ್ ಆರ್ಥರ್ ಕಾಟನ್ ಅವರ ಯೋಚನೆಯಂತೆ ಲಂಡನ್ನಿನಲ್ಲಿ ಮದ್ರಾಸ್ ನೀರಾವರಿ ಕಂಪೆನಿ ಹುಟ್ಟಿತು. ಅದರ ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯನ್ನು ಸರ್ಕಾರವೇ ಖಾತರಿಪಡಿಸಿತು. ನಮ್ಮ ಕೆಳಗೆ, ಕರ್ನೂಲಿನ ಮೇಲ್ಭಾಗದಲ್ಲಿ, ಸುಂಕೇಸುಲದ ಬಳಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, ಕಡಪದವರೆಗೆ ಸುಮಾರು 300 ಕಿಲೋಮೀಟರ್ ಕಾಲುವೆ ತೋಡಿದರು. ಬೆಳೆಗೆ ನೀರು, ದೋಣಿಗೆ ದಾರಿ, ಎರಡೂ ಒಂದೇ ಕಾಲುವೆಯಲ್ಲಿ! 1860ರ ದಶಕವೆಲ್ಲ ಈ ಕೆಲಸದಲ್ಲಿ ಕಳೆಯಿತು. ನಿರೀಕ್ಷಿಸಿದ ಆದಾಯ ಬರಲಿಲ್ಲ. ಕಪ್ಪುಮಣ್ಣಿನಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದ ರೈತರು ಹಣ ಕೊಟ್ಟು ನೀರು ಕೊಳ್ಳಲು ಮುಂದೆ ಬರಲಿಲ್ಲ. ಷೇರುದಾರರಿಗೆ ಮಾತ್ರ ಬಡ್ಡಿ ತಪ್ಪಲಿಲ್ಲ. ಅದು ಈ ನೆಲದ ಕಂದಾಯದಿಂದ ಸಂದಿತು. ಕಡೆಗೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡುಕೊಂಡಿತು.

ಕಾಟನ್ ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗೋದಾವರಿಯ ಧವಳೇಶ್ವರದಲ್ಲಿ ಅವರು ಮಾಡಿದ ಕೆಲಸವನ್ನು ಆ ಸೀಮೆಯ ಜನ ಇಂದಿಗೂ ಕೈಮುಗಿದು ನೆನೆಯುತ್ತಾರೆ. ಅದು ತಗ್ಗಾದ, ಸಮತಟ್ಟಾದ ನದೀಮುಖಜಭೂಮಿ. ಅಲ್ಲಿ ನೀರಾವರಿಯೂ ದೋಣಿಯೂ ಹೊಂದಿಕೊಂಡವು. ಬಯಲುಸೀಮೆಯ ಬಂಡೆಗಲ್ಲಿನ ನೆಲದಲ್ಲಿ ಹೊಂದಲಿಲ್ಲ. ಕಾರಣ ಸರಳವಾದುದು. ದೋಣಿಗೆ ಬೇಕಾದದ್ದು ಆಳವಾಗಿ ನಿಂತ ನೀರು. ಗದ್ದೆಗೆ ಬೇಕಾದದ್ದು ಹರಿದು ಹಂಚಿಹೋಗುವ ನೀರು. ನೀರು ಸಾಲದ ತಿಂಗಳಲ್ಲಿ ಇವೆರಡರಲ್ಲಿ ಒಂದು ಸೋಲಲೇಬೇಕು. 1876-78ರ ಭೀಕರ ಬರದಲ್ಲಿ ಬಳ್ಳಾರಿ ಸೀಮೆ ಹೆಣದ ರಾಶಿಯಾದಾಗ ಯಾವುದು ಗೆಲ್ಲಬೇಕೆಂಬುದನ್ನು ಯಾರೂ ವಾದಿಸಬೇಕಾಗಿರಲಿಲ್ಲ.

ನಮ್ಮ ಹಿರಿಯರಿಗೆ ಈ ಸತ್ಯ ತಿಳಿದಿತ್ತು. ವಿಜಯನಗರದ ಕಾಲದಲ್ಲಿ ಈ ನದಿಗೆ ಅಡ್ಡಲಾಗಿ ಕಲ್ಲಿನ ಅಣೆಗಳನ್ನು ಹಾಕಿದವರು ಬಂಡೆಯನ್ನು ಒಡೆದು ದೋಣಿಗೆ ದಾರಿ ಮಾಡಲಿಲ್ಲ. ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ನೀರನ್ನು ಮೇಲೆತ್ತಿ ಗದ್ದೆಗೆ ತಿರುಗಿಸಿದರು. ಕೆಂಚನಗುಡ್ಡದ ಅಣೆಯೂ ಆ ವಂಶದ್ದೇ. ಸಿರುಗುಪ್ಪದ ಭತ್ತಕ್ಕೆ ಹೆಸರು ಬಂದದ್ದು ನೀರನ್ನು ಹೀಗೆ ತಿರುಗಿಸಿದವರಿಂದ. ಈ ಅಣೆಗಳಿರುವ ನದಿಯಲ್ಲಿ ಸರಕಿನ ದೋಣಿ ಓಡಬೇಕಾದರೆ ಪ್ರತಿಯೊಂದು ಅಣೆಗೂ ಲಾಕ್ ಕಟ್ಟಬೇಕು, ಇಲ್ಲವೇ ಅಣೆಯನ್ನೇ ಒಡೆಯಬೇಕು. ನದಿಯ ತಳವನ್ನು ತೋಡಬೇಕು. ಬೇಸಿಗೆಯಲ್ಲಿ ಜಲಾಶಯದಿಂದ ನೀರು ಬಿಡಬೇಕು. ಆ ನೀರು ಯಾರ ಪಾಲಿನದು?

1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. ಅದರಲ್ಲಿ ಮೂರು ರಾಜ್ಯಗಳಿಗೆ ಪಾಲು. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ನಮ್ಮ ಕಾಲುವೆಯ ಕೊನೆಯ ರೈತರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದನ್ನು ಬಲ್ಲವರಿಗೆ ಜಲಮಾರ್ಗದ ಮಾತು ಹುಣ್ಣಿನ ಮೇಲೆ ಉಪ್ಪು ಸವರಿದಂತೆ ಕೇಳಿಸುತ್ತದೆ.

ನೀರಿನ ಸಾಗಣೆ ಅಗ್ಗವೆಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಗಂಗೆಯಲ್ಲಿ, ಬ್ರಹ್ಮಪುತ್ರದಲ್ಲಿ, ಕೇರಳದ ಹಿನ್ನೀರಿನಲ್ಲಿ ಅದು ಸಲ್ಲುತ್ತದೆ. ಎಲ್ಲ ನದಿಗಳಿಗೂ ಒಂದೇ ಅಂಗಿ ಹೊಲಿಸುವುದನ್ನು ಮಾತ್ರ ನಾನು ವಿರೋಧಿಸುತ್ತೇನೆ. ತುಂಗಭದ್ರೆಯ ಹೆಸರನ್ನು ಆ ಪಟ್ಟಿಯಿಂದ ತೆಗೆಯಲಿ. ಜಲಮಾರ್ಗಕ್ಕೆಂದು ಇಲ್ಲಿ ಒಂದು ರೂಪಾಯಿ ಎತ್ತಿಡುವುದಿದ್ದರೂ ಅದನ್ನು ಹಳೆಯ ಅಣೆಗಳ ದುರಸ್ತಿಗೆ, ಕಾಲುವೆಗಳ ಹೂಳೆತ್ತಲು, ಮರಳು ಲೂಟಿ ತಡೆಯಲು ವ್ಯಯಿಸಲಿ.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದಿದರೆ ಅವನಿಗೆ ನನ್ನ ಉತ್ತರ ಇಷ್ಟು: ಬೇಸಿಗೆಯಲ್ಲಿ ಆ ದೋಣಿ ಎಲ್ಲಿಯೂ ನಿಲ್ಲುವುದಿಲ್ಲಪ್ಪ, ಏಕೆಂದರೆ ಅದು ನಮ್ಮ ಹೊಳೆಗೆ ಬರಲೇಬಾರದು. ನಕ್ಕದ್ದು ನನ್ನ ತಪ್ಪು, ಕ್ಷಮಿಸು.